ರುಚಿ ನೋಡುವವನ ಕಾಕ್‌ಟೇಲ್

ಕೆಮ್ಮಿನ ಔಷಧಿ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸ ಅಂದರೆ ಜನ ನಗುತ್ತಾರೆ. ನಗಲಿ ಬಿಡಿ. ಮಕ್ಕಳು ಮುಖ ಕಿವುಚದೆ ಚಮಚ ನೆಕ್ಕುವಂತೆ ಮಾಡುವುದು ಸಾಮಾನ್ಯ ವಿದ್ಯೆಯಲ್ಲ. ಹದಿನೆಂಟು ವರ್ಷ ಅದನ್ನೇ ನಂಬಿ ಬದುಕಿದ್ದ ನಮ್ಮ ರುಚಿಗಾರನನ್ನು ಕಾರ್ಖಾನೆಯವರು ‘ನಾಲಿಗೆ’ ಎಂದೇ ಕರೆಯುತ್ತಿದ್ದರು. ಅಂಥ ನಾಲಿಗೆ ಮೂರು ತಿಂಗಳ ಹಿಂದೆ ಒಂದು ಜ್ವರದಲ್ಲಿ ಸತ್ತುಹೋಯಿತು. ಒಂಟಿಯಾಗಿ ಹೋಗುವುದೇಕೆಂದು ಮೂಗನ್ನೂ ಕರೆದುಕೊಂಡು ಹೋಯಿತು.

ಡಾಕ್ಟರೊಬ್ಬರನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ, ಹೆಂಡತಿಗೂ. ಗೊತ್ತಾದರೆ ಕೆಲಸಕ್ಕೇ ಸಂಚಕಾರ. ಅವನು ಪ್ರತಿ ಬ್ಯಾಚಿನ ವರದಿಯಲ್ಲೂ ‘ಕಹಿ ಸ್ವಲ್ಪ ಹೆಚ್ಚು’ ಎಂದು ಬರೆದು ಸಹಿ ಹಾಕುತ್ತಿದ್ದ. ಕೆಮ್ಮಿನ ಔಷಧಿ ಕಹಿ ಎಂದು ಬರೆದು ಸಿಕ್ಕಿಬಿದ್ದವರು ಈವರೆಗೆ ಯಾರೂ ಇಲ್ಲ.

ಹೀಗೆ ದಿನ ದೂಡುತ್ತಿರುವಾಗ ಮ್ಯಾನೇಜರ್ ಹನ್ನೆರಡು ದಿನದ ವಿದೇಶ ಪ್ರವಾಸ ಮುಗಿಸಿ ಬಂದರು. ಬೇರೆಯವರು ಪ್ರವಾಸದಿಂದ ನೆಗಡಿ ತರುತ್ತಾರೆ, ಇವರು ಅಭಿರುಚಿ ತಂದಿದ್ದರು. ಊಟಕ್ಕೆ ಮೊದಲು ಜಿನ್, ವರ್ಮೂತ್ ಮತ್ತು ಒಂದು ಕೆಂಪು ಕಹಿಮದ್ಯವನ್ನು ಸಮಸಮ ಬೆರೆಸಿ ಕುಡಿಯದವನು ಮನುಷ್ಯನೇ ಅಲ್ಲ ಎಂಬಲ್ಲಿಗೆ ಅವರ ಮಾತು ಬಂದು ನಿಂತಿತ್ತು. ಕಾರ್ಖಾನೆಯಲ್ಲಿ ಹೊಸದಾಗಿ ತೆರೆಯಲಿದ್ದ ರುಚಿ ವಿಭಾಗಕ್ಕೆ ಮುಖ್ಯಸ್ಥನನ್ನು ಆರಿಸುವುದೂ ಅವರ ಕೈಯಲ್ಲೇ ಇತ್ತು. ಶನಿವಾರ ಸಂಜೆ ನಿಮ್ಮ ಮನೆಗೇ ಬರುತ್ತೇನೆ, ನೀವು ಬೆರೆಸಿಕೊಟ್ಟದ್ದನ್ನು ಕುಡಿದೇ ತೀರ್ಮಾನಿಸುತ್ತೇನೆ ಎಂದರು. ನಾಲಿಗೆ ಹೂಂ ಎಂದಿತು.

ಜಿನ್ ಮತ್ತು ಕಹಿಮದ್ಯವನ್ನು ಕೊಂಡು ತಂದ. ವರ್ಮೂತ್ ಮನೆಯಲ್ಲೇ ಇತ್ತು. ಹೋದ ವರ್ಷ ಭಾವಮೈದುನ ತಂದು, ಎರಡು ಬೆರಳಷ್ಟು ಕುಡಿದು, ದೊಡ್ಡ ಮನಸ್ಸು ಮಾಡಿ ಬಿಟ್ಟುಹೋಗಿದ್ದ ಬಾಟಲಿ. ಒಲೆಯ ಮೇಲಿನ ಕಪಾಟಿನಲ್ಲಿ ಅದು ಒಂದು ಇಡೀ ಬೇಸಿಗೆ ಕಳೆದಿತ್ತು. ವರ್ಮೂತ್ ಎಂದರೆ ದ್ರಾಕ್ಷಿಯ ಮದ್ಯವೇ, ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಬೇಕು ಎಂದು ಬಾಟಲಿಯ ಹಿಂದೆ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುವವನು ಸಣ್ಣಕ್ಷರ ಓದುತ್ತಾನೆಯೇ? ಮದ್ಯ ಹಳೆಯದಾದಷ್ಟೂ ಒಳ್ಳೆಯದು ಎಂದುಕೊಂಡ.

ಶನಿವಾರ ಮ್ಯಾನೇಜರ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು. ಅವನು ಔಷಧಿಯ ಜೊತೆ ಬರುವ ಪ್ಲಾಸ್ಟಿಕ್ ಅಳತೆ ಬಟ್ಟಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಮೂರನ್ನೂ ಗೆರೆಗೆ ಸರಿಯಾಗಿ ಅಳೆದು ಸುರಿದ. ದಪ್ಪ ಐಸ್ ಹಾಕಿ, ಉದ್ದ ಚಮಚದಲ್ಲಿ ನಲವತ್ತು ಸುತ್ತು ಎಣಿಸಿ ತಿರುಗಿಸಿದ. ಬಿಳಿ ತಿರುಳು ಬಾರದಂತೆ ಕಿತ್ತಳೆ ಸಿಪ್ಪೆ ಸೀಳಿ ಲೋಟದ ಮೇಲೆ ಹಿಂಡಿದ. ತಾನೂ ಒಂದು ಗುಟುಕು ಕುಡಿದ. ತಣ್ಣಗಿದೆ ಎನ್ನುವುದೊಂದು ಗೊತ್ತಾಯಿತು.

ಮ್ಯಾನೇಜರ್ ಕಣ್ಣು ಮುಚ್ಚಿ ಕುಡಿದರು. ಒಂದು ಕ್ಷಣ ಅವರ ಗಂಟಲು ಮುಂದೆ ಹೋಗಲೋ ಹಿಂದೆ ಬರಲೋ ಎಂದು ತಡವರಿಸಿತು. ಆದರೆ ಹನ್ನೆರಡು ದಿನ ವಿದೇಶ ಸುತ್ತಿ ಬಂದವರು ಉಗುಳುವುದುಂಟೇ? ನುಂಗಿದರು. ನುಂಗಿದ ಮೇಲೆ ಹೊಗಳಲೇಬೇಕಾಯಿತು. ಇಂಥ ಆಳ ತಾವು ಅಲ್ಲಿಯೂ ಕಂಡಿರಲಿಲ್ಲ, ಹಳೆಯ ಮರದ ಪೀಪಾಯಿಯ ಗುಣ ಇದರಲ್ಲಿದೆ ಎಂದರು. ಇನ್ನೊಂದು ಲೋಟ ಮಾತ್ರ ಬೇಡವೆಂದರು. ಹೊರಡುವಾಗ ಕೈಕುಲುಕಿ, ಸೋಮವಾರದಿಂದ ನೀವೇ ಮುಖ್ಯಸ್ಥರು ಎಂದರು.

ಪಕ್ಕದಲ್ಲೇ ಕೂತಿದ್ದ ಹೆಂಡತಿ, ಮ್ಯಾನೇಜರ್ ಮೊದಲ ಗುಟುಕು ನುಂಗಿದಾಗಿನ ಮುಖ ನೋಡಿಯೇ ಎದ್ದು ಅಡುಗೆಮನೆಗೆ ಹೋಗಿದ್ದಳು. ಬಾಗಿಲು ಹಾಕಿಕೊಂಡು ಅವನು ಒಳಗೆ ಬಂದಾಗ ವರ್ಮೂತ್ ಬಾಟಲಿಯನ್ನು ಅವನ ಮೂಗಿಗೆ ಹಿಡಿದಳು.

“ಏನ್ ವಾಸ್ನೆ ಬರ್ತಿದೆ?”

“ಒಳ್ಳೆ ಗಿಡಮೂಲಿಕೆ ವಾಸ್ನೆ,” ಎಂದ ಹೊಸ ಮುಖ್ಯಸ್ಥ.

“ಪೂರ್ತಿ ಹುಳಿ ಹಿಡಿದು ಹೋಗಿದೆ. ಕೊಠಡಿಯೆಲ್ಲ ನಾರ್ತಿದೆ. ಯಾವಾಗಿಂದ ಹೀಗೆ?”

ಬಚ್ಚಿಟ್ಟು ಪ್ರಯೋಜನವಿರಲಿಲ್ಲ. ಜ್ವರ ಬಂದಾಗಿನಿಂದ ಎಂದ. ಡಾಕ್ಟರ್ ಏನಂದರು, ಕೆಲಸ ಹೋದರೆ ಗತಿಯೇನು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳತೊಡಗಿದ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಮನಸ್ಸಿನಲ್ಲೇ ಏನೋ ಲೆಕ್ಕ ಹಾಕುತ್ತಿದ್ದಳು. ಮದುವೆಯಾದಾಗಿನಿಂದ ಊಟದ ಮೇಜಿನಲ್ಲೂ ಅವನು ವರದಿ ಒಪ್ಪಿಸಿದವನೇ. ಉಪ್ಪು ಮುಂದು, ಹುಳಿ ಹಿಂದು, ತಳ ಹಿಡಿದಿದೆ. ಈ ಮೂರು ತಿಂಗಳಿಂದಷ್ಟೇ ಆ ಬಾಯಿಂದ ‘ಚೆನ್ನಾಗಿದೆ’ ಎಂಬ ಮಾತು ಬರುತ್ತಿತ್ತು, ಅದೂ ದಿನಾ ಎರಡು ಹೊತ್ತು.

“ನಾನು ಅಕ್ಕನಿಗೆ ಫೋನ್ ಮಾಡಿ ಹೇಳಿದ್ದೆ,” ಎಂದಳು. “ನಮ್ಮವರು ಈಗ ಬದಲಾಗಿದ್ದಾರೆ ಅಂತ. ಅತ್ತುಬಿಟ್ಟಿದ್ದೆ, ಗೊತ್ತಾ, ಖುಷಿಗೆ.”

ಅವನಿಗೆ ನಾಚಿಕೆಯಾಯಿತು. ಕೆಲಸ ಉಳಿದದ್ದಕ್ಕೆ ಸಂತೋಷಪಡಬೇಕು ಎನ್ನುವುದೂ ಮರೆತುಹೋಯಿತು.

ಅವಳು ತಟ್ಟೆ ಹಾಕಿದಳು, ಬಡಿಸಿದಳು, ಎದುರು ಕೂತಳು. ಅವನು ಒಂದು ತುತ್ತು ನುಂಗುವವರೆಗೆ ಕಾದಳು.

“ಈಗ ಹೇಳಿ. ಹೇಗಿದೆ?”

“ಗೊತ್ತಾಗ್ತಿಲ್ಲ,” ಎಂದ.

ಅವಳು ತಾನೂ ಒಂದು ತುತ್ತು ತಿಂದು ನೋಡಿದಳು. “ಉಪ್ಪು ಜಾಸ್ತಿಯಾಗಿದೆ,” ಎಂದು ಹೇಳಿ, ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.