ಒಂದು ಹೆಸರಿಗೆ ಮೂರು ಪತ್ರ

ಆ ಕಟ್ಟಡದಲ್ಲಿ ಒಂದೇ ಹೆಸರಿನವರು ಮೂವರಿದ್ದರು: ಕೆಳಗೆ ನಲ್ಲಿ ರಿಪೇರಿಯವನು, ನಡುವೆ ಹಲ್ಲಿನ ಡಾಕ್ಟರು, ಮೇಲೆ ವ್ಯಾಕರಣದ ಪಂಡಿತರು. ವಿದ್ವತ್ಸಭೆಯಿಂದ ‘ಭಾನುವಾರ ತಪ್ಪದೆ ಬನ್ನಿ, ತಮ್ಮನ್ನೇ ಕಾಯುತ್ತಿದ್ದೇವೆ’ ಎಂಬ ಪತ್ರ ಬಂದಾಗ ಪಂಡಿತರು ಹಿಗ್ಗಿ ಹೀರೇಕಾಯಿಯಾದರು. ಸಭೆ ತಮ್ಮ ಮಾತನ್ನೊಮ್ಮೆ ಕೇಳಲೆಂದು ಮೂವತ್ತು ವರ್ಷ ಚಾತಕದಂತೆ ಕಾದಿದ್ದ ಜೀವ ಅದು. ನಲವತ್ತು ಪುಟಗಳ ಭಾಷಣ ಬರೆದುಕೊಂಡು ಹೋದರು.

ಕಾರ್ಯದರ್ಶಿ ತಲೆ ಕೆರೆದುಕೊಂಡರು. “ಪಂಡಿತರೇ, ನಾವು ಕರೆದಿದ್ದು ನಲ್ಲಿಯವನನ್ನ. ಕೈತೊಳೆಯೋ ಸಿಂಕ್ ಸೋರ್ತಿದೆ. ಮನೆ ಯಾವುದು ಅಂತ ಗೊತ್ತಾಗದೆ ಮೂರು ಕಡೆಗೂ ಒಂದೊಂದು ಪತ್ರ ಹಾಕಿಸಿಬಿಟ್ಟೆ.”

“ಹಾಗಾದ್ರೆ ಡಾಕ್ಟರು?”

“ಇಕ್ಕಳ ಹಿಡ್ಕೊಂಡು ಬಂದಿದ್ರು. ಬೈದು ಹೋದ್ರು.”

ಪಂಡಿತರು ಒಳಗೆ ಇಣುಕಿದರು. ನಲ್ಲಿಯವನು ಸಿಂಕಿನಡಿ ಅಂಗಾತ ಮಲಗಿ, ಬಿರುಕುಬಿಟ್ಟ ಕೊಳವೆಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದ, ಬಿಟ್ಟರೆ ಪ್ರಳಯ. ಓಡಿಹೋಗಲಾರದ ಇಂಥ ಶ್ರೋತೃ ಜನ್ಮದಲ್ಲಿ ಮತ್ತೆ ಸಿಕ್ಕುವನೆ? ಪಂಡಿತರು ಸ್ಟೂಲೆಳೆದು ಕುಳಿತು, ಮೊದಲ ಪುಟ ತೆರೆದರು.

“ಸ್ವಾಮಿ, ಇನ್ನೆಷ್ಟಿದೆ?” ಕೆಳಗಿನಿಂದ ದನಿ ಬಂತು.

“ಮೂವತ್ತೇಳು ಪುಟ ಅಷ್ಟೇ, ತಮ್ಮಾ.”

“ಅಯ್ಯೋ! ನಿಮ್ಮ ಕಾಲ ಹತ್ರ ಸ್ಪ್ಯಾನರ್ ಇದೆ, ಸ್ವಲ್ಪ ಕೊಡಿ ಸ್ವಾಮಿ.”

ಪಂಡಿತರು ಸ್ಪ್ಯಾನರನ್ನು ಪಾದದಿಂದ ಮೆಲ್ಲನೆ ದೂರ ತಳ್ಳಿ, ನಾಲ್ಕನೆಯ ಪುಟ ತಿರುವಿದರು.