ಸೋರದ ಪೈಪು

ಅಣ್ಣ ಮಾತು ಬಿಟ್ಟು ವರ್ಷವಾಗಿತ್ತು. ಊರಾಚೆ ಗುಡ್ಡದ ಅಡಿಯಲ್ಲಿ ಬಂಡೆ ಕೊರೆದು, ಅಣುಸ್ಥಾವರದ ಕಸವನ್ನು ತಾಮ್ರದ ಹಂಡೆಗಳಲ್ಲಿ ತುಂಬಿ, ನೀರು ಇಳಿಯದಂತೆ ಸುತ್ತಲೂ ಜೇಡಿಮಣ್ಣು ಬಿಗಿದು, ಲಕ್ಷ ವರ್ಷಕ್ಕೆಂದು ಹೂಳುವ ಯೋಜನೆ ಬಂದಿತ್ತು. ಆ ಮಣ್ಣನ್ನು ಪರೀಕ್ಷಿಸುವ ಲ್ಯಾಬಿಗೆ ತಂಗಿ ಸೇರಿದಳು, ಅದೇ ತಪ್ಪಾಯಿತು. ಅಣ್ಣ ಪ್ಲಂಬರ್. "ಸೋರದ ಪೈಪನ್ನ ನಾನು ಈ ಜನ್ಮದಲ್ಲಿ ನೋಡಿಲ್ಲ" ಎಂದವನು ಮತ್ತೆ ಅವಳ ಮನೆ ಮೆಟ್ಟಿಲು ಹತ್ತಲಿಲ್ಲ. ಅವಳೇನು ಕಡಿಮೆಯೇ? ಅವಳೂ ಫೋನ್ ಮಾಡಲಿಲ್ಲ. ಒಳಗೊಳಗೇ ಸಂಕಟಪಟ್ಟಳು, ಅಷ್ಟೇ.

ನಾಳೆ ಆ ಯೋಜನೆಯ ಬಗ್ಗೆ ಊರಿನ ಸಭೆ. ಜನರಿಗೆ ತೋರಿಸೋಣವೆಂದು ಆ ಮಣ್ಣಿನ ಪುಡಿಯನ್ನು ಡಬ್ಬಿಯಲ್ಲಿ ತಂದು ಅಡುಗೆಮನೆಯಲ್ಲಿ ಇಟ್ಟಿದ್ದಳು. ಎಂದೂ ಆ ಕಡೆ ತಲೆ ಹಾಕದ ಗಂಡ ಮಹಾಶಯ ಅವತ್ತೇ ಶುಚಿಮಾಡಲು ಹೊರಟ. ಹುಳ ಬಿದ್ದ ಹಿಟ್ಟೆಂದುಕೊಂಡು ಡಬ್ಬಿಯನ್ನು ಸಿಂಕಿಗೆ ಸುರಿದು ನಲ್ಲಿ ತಿರುಗಿಸಿದ. ಸಂಜೆಗೆ ಸಿಂಕು ತುಂಬಿ ನಿಂತಿತ್ತು. ಬಿಸಿನೀರಿಗೂ ಜಗ್ಗಲಿಲ್ಲ, ತಂತಿಗೂ ಜಗ್ಗಲಿಲ್ಲ.

"ನಿಮ್ಮಣ್ಣಂಗೆ ಫೋನ್ ಮಾಡ್ದೆ. ಬರ್ತಾರಂತೆ" ಎಂದ ಗಂಡ, ಕಳ್ಳ ಬೆಕ್ಕಿನ ಹಾಗೆ ಮುಖ ಮಾಡಿಕೊಂಡು.

ಅಣ್ಣ ಬಂದ. ತಂಗಿಯತ್ತ ನೋಡಲೂ ಇಲ್ಲ. "ಭಾವ, ನಿಮ್ಮ ಹೆಂಡ್ತಿ ಸಿಂಕಿಗೆ ಏನು ಹಾಕಿದ್ರು, ಕೇಳಿ."

"ಹಾಕಿದ್ದು ನಾನೇ. ಅವಳ ಮಣ್ಣು."

ಅಣ್ಣ ಸಿಂಕಿನ ಕೆಳಗೆ ಬಗ್ಗಿ ನೋಡಿದ. ಆಮೇಲೆ ಕೆಳಗಿನ ಪೈಪನ್ನು ಕತ್ತರಿಸಿ ತೆಗೆದ. ನಡುವೆ ಮಣ್ಣು ಉಬ್ಬಿ ಬಿರಡೆಯಂತೆ ಕೂತಿತ್ತು. ಬೆರಳಿನಿಂದ ಒತ್ತಿದ, ಅಲ್ಲಾಡಲಿಲ್ಲ. ಮೇಲಿನಿಂದ ನೀರು ಹೊಯ್ದು, ಕೆಳಗೆ ಅಂಗೈ ಒಡ್ಡಿ ಬಹಳ ಹೊತ್ತು ಕಾದ. ಕೊನೆಗೆ ಸಿಂಕಿಗೆ ಹೊಸ ಪೈಪು ಜೋಡಿಸಿ, ಹಳೆಯ ತುಂಡನ್ನು ನೀರಿನ ಸಮೇತ ನೆಟ್ಟಗೆ ಹಿಡಿದುಕೊಂಡು ಹೊರಟುಹೋದ. ಬರ್ತೀನಿ ಅಂತಲೂ ಹೇಳಲಿಲ್ಲ. ಅವಳಿಗೆ ಅಳುವೇ ಬಂತು.

ಮರುದಿನ ಅವಳು ಸಭೆಗೆ ಸಿದ್ಧವಾಗುತ್ತಿದ್ದಾಗ ಬಾಗಿಲಲ್ಲಿ ಅಣ್ಣ, ಕೈಯಲ್ಲಿ ಅದೇ ಪೈಪು.

"ಒಂದು ತೊಟ್ಟೂ ಇಳಿದಿಲ್ಲ ಕಣೆ" ಎಂದ. ಹೇಳಿದ್ದು ಅವಳಿಗೇ, ಭಾವನಿಗಲ್ಲ.

ಅವಳು ಬಾಯಿ ತೆರೆಯುವ ಮೊದಲೇ ಮುಂದುವರಿಸಿದ: "ಹಿಗ್ಗಬೇಡ. ಒಂದು ರಾತ್ರಿ ನಿಂತದ್ದು ಲಕ್ಷ ವರ್ಷ ನಿಲ್ಲುತ್ತೆ ಅಂದ್ರೆ ನಾನು ನಂಬಲ್ಲ. ಸಭೇಲಿ ಎದ್ದು ನಿಂತು ಕೇಳೋನೇ."

"ಕೇಳು. ಗೊತ್ತಿರೋದನ್ನ ಹೇಳ್ತೀನಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತೀನಿ."

"ಅದಕ್ಕೇ ನಿನ್ನನ್ನ ಕೇಳೋದು." ಅಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು, ಪೈಪನ್ನು ಅವಳ ಕೈಗಿತ್ತ. "ಇಟ್ಕೋ. ನಿನ್ನ ಡಬ್ಬಿ ಹೇಗೂ ಖಾಲಿ, ಜನಕ್ಕೆ ಏನಾದ್ರೂ ತೋರಿಸ್ಬೇಕಲ್ಲ. ಇನ್ನೂ ಹೊತ್ತಿದೆ, ಮೊದ್ಲು ಒಂದು ಲೋಟ ಕಾಫಿ ಕೊಡು."