ಉಡಿದಾರವಿದ್ದ ಜಾಗ

ಫ್ಯಾನ್ ಗಾಳಿಗೆ ಹಾಳೆಯ ಮೂಲೆ ಏಳುತ್ತಿದೆ, ಮೇಲೆ ಪೌಚ್ ಇಟ್ಟರೂ ಏಳುತ್ತಿದೆ, ಹದಿನೇಳನೇ ಹೇಳಿಕೆ, ಎದುರಿನವರು ಬಾಯಿಬಿಟ್ಟು ಹೇಳದಿದ್ದರೂ ಅವರ ಮನಸ್ಸು ನನಗೆ ತಿಳಿಯುತ್ತದೆ — ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ, ಒಂದಕ್ಕೆ ಟಿಕ್ ಹಾಕಿ, ಜಾಸ್ತಿ ಯೋಚನೆ ಮಾಡ್ಬೇಡಿ ಎನ್ನುತ್ತಾರೆ ವಿಭಾ ಮೇಡಂ, ಒಳ್ಳೇ ನರ್ಸ್ ಆಗೋಕೆ ಭಾವನಾತ್ಮಕ ಬುದ್ಧಿಮತ್ತೆ ಎಷ್ಟಿದೆ ಅಂತ ನೋಡೋಕಷ್ಟೇ, ಪಾಸು ಫೇಲು ಏನಿಲ್ಲ, ಮಧುಶ್ರೀ ಯಾಕೆ ಪೆನ್ ನಿಲ್ಸಿದೀಯ, ಏನಿಲ್ಲ ಮೇಡಂ. ಹೋದ ತಿಂಗಳು ಇದೇ ಕ್ಲಾಸಿನಲ್ಲಿ ಪ್ಲಾಸ್ಟಿಕ್ ಗೊಂಬೆಯ ಕೈ ಹಿಡಿದು ಹೆದರಬೇಡಿ ನಾನಿದ್ದೀನಿ ಅಂದಿದ್ದಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು, ಗೊಂಬೆಯ ಸೊಂಟದಲ್ಲಿ ಏನೂ ಇರಲಿಲ್ಲ, ಆಮೇಲೆ ಆಸ್ಪತ್ರೆ ವಾರ್ಡಿನಲ್ಲಿ ಬೀರಯ್ಯಜ್ಜನ ಸೊಂಟದಲ್ಲಿ ಉಡಿದಾರವಿತ್ತು, ಕಪ್ಪು ದಾರ, ಬೆವರು ಕುಡಿದು ಗಟ್ಟಿಯಾದ ಗಂಟು, ಹರ್ನಿಯಾ ಆಪರೇಷನ್‌ಗೆ ಅಜ್ಜಂಪುರದ ಕಡೆಯಿಂದ ಬೆಳಗಿನ ಬಸ್ಸಿಗೆ ತರೀಕೆರೆಗೆ ಬಂದಿದ್ದರು, ಹೊರಗೆ ಬೆಂಚಿನ ಮೇಲೆ ಹೆಂಡತಿ ಅಂಜಿನಮ್ಮ, ಮಡಿಲಲ್ಲಿ ಗಂಡನ ಅಂಗಿ, ಎಲೆಅಡಿಕೆ ಚೀಲ, ಟ್ರಾಲಿ ಬಾಗಿಲಿಗೆ ಬಂದು ನಿಂತಿತ್ತು, ಬೇಗ ರೆಡಿ ಮಾಡಮ್ಮ ಅಂತ ಯಾರೋ ಕೂಗಿದರು, ನಾನು ಕತ್ತರಿ ತಂದೆ, ಅಜ್ಜ ನನ್ನ ಮಣಿಕಟ್ಟು ಹಿಡಿದುಕೊಂಡರು, ಅದೊಂದು ಬಿಟ್ಬಿಡವ್ವ, ಒಳಗೆ ಏನೂ ಇರಬಾರ್ದು ಅಜ್ಜ ರೂಲ್ಸು, ಹಂಗಾ, ಕೈ ಸಡಿಲ ಬಿಟ್ಟರು, ಸೂರು ನೋಡುತ್ತಾ ಹಂಗಾರೆ ಈಗ್ಲೇ ತೆಗ್ದಂಗಾತು ಬಿಡು ಅಂದರು, ಕತ್ತರಿಸಿದೆ, ಹತ್ತಿಯ ಜೊತೆ ಆಸ್ಪತ್ರೆ ಕಸದ ಹಳದಿ ಡಬ್ಬಿಗೆ ಹಾಕಿದೆ, ಡಬ್ಬಿಯ ಬಣ್ಣ ತಪ್ಪಲಿಲ್ಲ ಅಂತ ಹೆಮ್ಮೆ ಬೇರೆ — ದಾರ ಹೋದ ಜಾಗದಲ್ಲಿ, ಕಂದು ಮೈಯ ಮೇಲೆ, ಒಂದು ಬಿಳೀ ಗೆರೆ.

ಗೊತ್ತಿರಲಿಲ್ಲವೇ, ಗೊತ್ತಿತ್ತು, ಪಂಚನಹಳ್ಳಿಯಲ್ಲಿ ನಮ್ಮ ತಾತ ಹೊಸದನ್ನು ಕಟ್ಟಿಕೊಂಡ ಮೇಲೆಯೇ ಹಳೆಯದನ್ನು ಕತ್ತರಿಸುತ್ತಿದ್ದರು, ಬರೀ ಸೊಂಟದಾಗೆ ಒಂದು ಗಳಿಗೆನೂ ಇರಬಾರ್ದು ಕಣೇ, ತೆಗೆಯಾದು ಒಂದೇ ಸಲ, ಮಣ್ಣಿಗಿಡುವಾಗ, ಅವರದನ್ನು ಅಪ್ಪ ತೆಗೆದಾಗ ನಾನು ಪಕ್ಕದಲ್ಲೇ ನಿಂತಿದ್ದೆ, ನಾಲ್ಕನೇ ಕ್ಲಾಸು, ಎಲ್ಲಾ ನೋಡಿದ್ದೆ, ಯೂನಿಫಾರ್ಮ್ ಹಾಕಿಕೊಂಡ ಕೂಡಲೇ ಅದೆಲ್ಲ ಎಲ್ಲಿ ಹೋಯಿತು, ದಾರ ಬಿಚ್ಚಿ ತೋಳಿಗೆ ಕಟ್ಟಿ ಮೇಲೆ ಪ್ಲಾಸ್ಟರ್ ಹಾಕ್ತೀವಿ ಕಣಮ್ಮ, ಎರಡು ನಿಮಿಷದ ಕೆಲಸ, ಅನಿತಾ ಸಿಸ್ಟರ್ ಹೇಳಿದ್ದು ಆಮೇಲೆ, ಎಲ್ಲಾ ಆಮೇಲೆ. ಮೂರನೇ ದಿನ ಬೆಳಿಗ್ಗೆ ಅಜ್ಜ ಹೋದರು, ಹೃದಯ ನಿಂತಿತು ಅಂದರು ಡಾಕ್ಟರು, ದಾರಕ್ಕೂ ಹೃದಯಕ್ಕೂ ಸಂಬಂಧವಿಲ್ಲ, ನಾನೂ ಓದಿದ್ದೇನೆ, ಆದರೆ ಆ ಮೂರು ದಿನ ಅವರು ಒಂದು ಮಾತೂ ಆಡಲಿಲ್ಲ, ಬದುಕಿರುವಾಗಲೇ ಅವರನ್ನು ಹೆಣ ಮಾಡಿ ಮಲಗಿಸಿದವಳು ನಾನು, ಮೈ ಒರೆಸಲು ನನಗೇ ಹೇಳಿದರು, ಒರೆಸಿದೆ, ಗೆರೆಯ ಮೇಲೂ ಒರೆಸಿದೆ, ಹೋಗಲಿಲ್ಲ, ಅಂಜಿನಮ್ಮ ಬಂದು ಸೊಂಟ ತಡವಿದರು, ಮಗಾ, ಆವಯ್ಯನ ಉಡಿದಾರ ಎಲ್ಲವ್ವ, ನಾವು ತೆಗೀಬೇಕಾಗಿತ್ತು ಅದನ್ನ, ಗೊತ್ತಿಲ್ಲ ಅಜ್ಜಿ, ಅಂದುಬಿಟ್ಟೆ, ಗೊತ್ತಿಲ್ಲ ಅಜ್ಜಿ, ನಾಚಿಕೆಯಾಗುತ್ತದೆ, ಆ ಐದು ಅಕ್ಷರ ಬಾಯಿಗೆ ಎಷ್ಟು ಸಲೀಸಾಗಿ ಬಂತು, ಅವರು ನನ್ನನ್ನು ಬೈಯಲಿಲ್ಲ, ತಮ್ಮ ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತರು, ಹಲ್ಲಲ್ಲಿ ಕಡಿದು ಅಜ್ಜನ ಸೊಂಟಕ್ಕೆ ಕಟ್ಟಿದರು, ತೆಗೆಯಾಕಾದ್ರೂ ಒಂದು ಇರ್ಲಿ — ಮಧುಶ್ರೀ, ಟೈಮ್ ಆಯ್ತು, ಹಾಳೆ ಕೊಡು, ಕೊಡ್ತೀನಿ ಮೇಡಂ, ಹದಿನೇಳು ಖಾಲಿ ಇದೆ, ಖಾಲಿ ಇದೆ ಮೇಡಂ, ಎಳೆ ತೆಳ್ಳಗಿತ್ತು, ಅಂಜಿನಮ್ಮ ಬೆರಳಲ್ಲಿ ಮೇಲೆ ಸರಿಸಿದರು, ಕೆಳಗೆ ಸರಿಸಿದರು, ಎಲ್ಲಿ ಕೂರಿಸಿದರೂ ಪಕ್ಕದಲ್ಲಿ ಆ ಬಿಳೀ ಗೆರೆ